ಸೂಲಗಿತ್ತಿಯ ಕೈಗೆ ನೀರು

"ಗುರುಗಳೇ, ಒಳ್ಳೆಯ ಕೆಲಸ ಮಾಡಿದವನಿಗೆ ಬಹುಮಾನ ಕೊಟ್ಟರೆ ತಪ್ಪೇನು?"

ಕೇಳಿದವನು ಚನ್ನವೀರ, ಮಠದ ಜಗಲಿಯ ಮೇಲೆ ಅಕ್ಷರ ಕಲಿಸುವ ಶಿಷ್ಯ. ಆ ಮಠಕ್ಕೆ ನಾಲ್ಕು ಜಗಲಿ, ಕಲಿಸುವವರು ನಾಲ್ವರು. ವರ್ಷಕ್ಕೊಮ್ಮೆ ಕಲಿಯುವವರೆಲ್ಲ ಊರವರ ಎದುರು ನಿಂತು ಓದಿ ತೋರಿಸಬೇಕು. ಯಾವ ಜಗಲಿಯಲ್ಲಿ ಒಬ್ಬರೂ ತಡವರಿಸದೆ ಓದುತ್ತಾರೋ ಅಲ್ಲಿ ಕಲಿಸಿದವನಿಗೆ ಒಂದು ಶಾಲು. ಮೂರು ವರ್ಷದಿಂದ ಶಾಲು ಚನ್ನವೀರನ ಹೆಗಲು ಬಿಟ್ಟು ಬೇರೆ ಹೆಗಲು ನೋಡಿರಲಿಲ್ಲ. ಈ ವರ್ಷದಿಂದ ಶಾಲು ಇಲ್ಲ ಎಂದು ಗುರುಗಳು ಹಿಂದಿನ ದಿನ ಹೇಳಿದ್ದರು. ಅದಕ್ಕೇ ಈ ಪ್ರಶ್ನೆ.

"ಶಾಲು ನನಗೆ ಬೇಕೆಂದಲ್ಲ," ಎಂದ ಚನ್ನವೀರ. ಶಾಲು ಬೇಕಾದವರು ಮೊದಲು ಆಡುವ ಮಾತೇ ಅದು. "ಆದರೆ ನೀವೇ ಯೋಚಿಸಿ. ಶಾಲು ಬರುವ ಮುಂಚೆ ನನ್ನ ಜಗಲಿಯಲ್ಲಿ ಹತ್ತು ಜನರಲ್ಲಿ ನಾಲ್ವರು ತಡವರಿಸುತ್ತಿದ್ದರು. ಈಗ ಒಬ್ಬರೂ ಇಲ್ಲ. ಶಾಲು ಮಾಡಿದ ಕೆಲಸವಲ್ಲವೇ ಇದು?"

ಅದೇ ಹೊತ್ತಿಗೆ ನಲವತ್ತು ದಾಟಿದ ಒಬ್ಬ ಗಾಡಿಯವನು ಕಂಕುಳಲ್ಲಿ ಬರೆಯುವ ಹೊಸ ಪಾಟಿ ಇಟ್ಟುಕೊಂಡು ಮಠದ ಬಾಗಿಲು ದಾಟಿ ಹೊರಗೆ ಹೋಗುತ್ತಿದ್ದ. ಗುರುಗಳು ಅವನನ್ನು ನೋಡಿದರು.

"ಯಾರವನು?"

"ಗಾಡಿ ಹೊಡೆಯುವವನು. ಓದು ಕಲಿಯುತ್ತೇನೆ ಎಂದು ಬಂದಿದ್ದ. ಜಗಲಿಯಲ್ಲಿ ಜಾಗವಿಲ್ಲ ಎಂದು ಹೇಳಿ ಕಳಿಸಿದೆ."

ಗುರುಗಳು ಜಗಲಿಯ ಕಡೆ ನೋಡಿದರು. ಅಲ್ಲಿ ಇನ್ನೂ ನಾಲ್ಕೈದು ಜನ ಕೂರುವಷ್ಟು ಜಾಗವಿತ್ತು.

"ಕೂತುಕೋ," ಎಂದರು. "ನಿನಗೊಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ."

ಅವರು ಹೇಳಿದ ಕತೆ ಇದು.

ಒಂದೂರಿನಲ್ಲಿ ಗಿರಿಯವ್ವ ಎಂಬ ಸೂಲಗಿತ್ತಿ ಇದ್ದಳು. ಸುತ್ತ ಏಳು ಹಳ್ಳಿಗೆ ಅವಳೊಬ್ಬಳೇ. ಯಾರ ಮನೆಯಲ್ಲಿ ಬೇನೆ ಕಾಣಿಸಿಕೊಂಡರೂ ಅವಳ ಬಾಗಿಲಿಗೆ ಬರುತ್ತಿದ್ದರು. ಯಾರ ಮನೆ, ಎಂಥ ಮನೆ ಎಂದು ಅವಳು ಕೇಳುತ್ತಿರಲಿಲ್ಲ. ತಟ್ಟುತ್ತಿದ್ದ ರೊಟ್ಟಿಯನ್ನು ಅರ್ಧಕ್ಕೆ ಬಿಟ್ಟು ಎದ್ದು ನಡೆಯುತ್ತಿದ್ದಳು. ಅವಳ ಗಂಡ ಅರೆಬೆಂದ ರೊಟ್ಟಿ ತಿಂದುಕೊಂಡೇ ಮುದುಕನಾದ.

ಆ ಸೀಮೆಯಲ್ಲಿ ಸೂಲಗಿತ್ತಿಗೆ ಕೂಲಿ ಎಂಬುದಿಲ್ಲ. ಸುಗ್ಗಿಯಲ್ಲಿ ಪ್ರತಿ ಮನೆಯಿಂದ ಒಂದಿಷ್ಟು ಜೋಳ ಅವಳ ಮನೆಗೆ ಹೋಗುತ್ತದೆ. ಆ ವರ್ಷ ಆ ಮನೆಯಲ್ಲಿ ತೊಟ್ಟಿಲು ಕಟ್ಟಿರಲಿ, ಕಟ್ಟದಿರಲಿ, ಜೋಳ ಹೋಗುತ್ತದೆ. ಇನ್ನೊಂದು ಪದ್ಧತಿಯೂ ಇತ್ತು. ಹೆರಿಗೆ ಮುಗಿಸಿ ಸೂಲಗಿತ್ತಿ ಹೊರಗೆ ಬಂದಾಗ ಆ ಮನೆಯ ಹಿರಿಯಳು ತಾನೇ ತಂಬಿಗೆ ಹಿಡಿದು ಅವಳ ಕೈಗೆ ನೀರು ಹಾಕಬೇಕು. ಸೊಸೆಯನ್ನು ಕಳಿಸುವಂತಿಲ್ಲ. ಆಳಿಗೆ ಹೇಳುವಂತಿಲ್ಲ. ಗೌಡನ ಮನೆಯಾದರೂ ಅಷ್ಟೇ, ಗುಡಿಸಲಾದರೂ ಅಷ್ಟೇ. ಮಗು ಬದುಕಿದರೂ ನೀರು, ಸತ್ತರೂ ನೀರು. ಸತ್ತ ದಿನ ಹಾಕುವವಳೂ ಅಳುತ್ತಾಳೆ, ಹಾಕಿಸಿಕೊಳ್ಳುವವಳೂ ಅಳುತ್ತಾಳೆ. ಆದರೆ ನೀರು ಹಾಕದೆ ಯಾರೂ ಸೂಲಗಿತ್ತಿಯನ್ನು ಕಳಿಸುತ್ತಿರಲಿಲ್ಲ.

ಆ ಊರಿನ ಗೌಡನಿಗೆ ಮೂರು ಮಕ್ಕಳು ಹುಟ್ಟುತ್ತಲೇ ಹೋಗಿದ್ದವು. ನಾಲ್ಕನೆಯದು ಕಾಲು ಮುಂದಾಗಿ ಬಂತು. ಗಿರಿಯವ್ವ ಎರಡು ಹಗಲು ಗೌಡತಿಯ ಪಕ್ಕದಿಂದ ಏಳಲಿಲ್ಲ. ಬಾಯಿಗೆ ಒಂದು ತುತ್ತು ಹಾಕಲಿಲ್ಲ. ಕೊನೆಗೆ ತಾಯಿಯೂ ಉಳಿದಳು, ಮಗುವೂ ಉಳಿಯಿತು. ಹೆಣ್ಣು ಮಗು. ಗೌಡ ಪಡಸಾಲೆಯ ಕಂಬ ಹಿಡಿದುಕೊಂಡು ಅತ್ತ. ಹಾಗೆ ಅವನು ಅತ್ತದ್ದನ್ನು ಊರು ಅದಕ್ಕೆ ಮುಂಚೆ ನೋಡಿರಲಿಲ್ಲ.

ಗೌಡನ ತಾಯಿ ಗಿರಿಯವ್ವನ ಕೈಗೆ ನೀರು ಹಾಕಿದಳು. ಗೌಡನಿಗೆ ಅದು ಸಾಲದೆನ್ನಿಸಿತು. ಇಷ್ಟು ದೊಡ್ಡ ಉಪಕಾರಕ್ಕೆ ಒಂದು ತಂಬಿಗೆ ನೀರೇ ಎಂದು ನಾಚಿಕೆಪಟ್ಟ. ಮರುದಿನ ಊರವರನ್ನೆಲ್ಲ ಚಾವಡಿಗೆ ಕರೆಸಿದ. ಮೆಣಸಿನ ಕಾಳಿನಷ್ಟು ದಪ್ಪದ ಐದು ಬಂಗಾರದ ಗುಂಡು ಪೋಣಿಸಿದ ದಾರವನ್ನು ಗಿರಿಯವ್ವನ ಕೊರಳಿಗೆ ಕಟ್ಟಿಸಿದ. ಆಮೇಲೆ ಎದ್ದು ನಿಂತು ಹೇಳಿದ:

"ಇನ್ನ ಮ್ಯಾಲೆ ಗಿರಿಯವ್ವನ ಕೈಯಾಗ ಬದುಕಿದ ಒಂದೊಂದು ಕೂಸಿಗೂ ನಮ್ಮ ಮನಿಯಿಂದ ಒಂದು ಗುಂಡು. ಸತ್ರ ಒಂದು ಗುಂಡು ವಾಪಸ್."

"ವಾಪಸ್ ಯಾಕ್ರಿ ಗೌಡ್ರ?" ಎಂದ ಒಬ್ಬ ಮುದುಕ.

"ಅಂದ್ರ ಇನ್ನಷ್ಟು ಕಾಳಜಿ ಮಾಡ್ತಾಳ."

ಎಲ್ಲರೂ ಹೌದೆಂದು ತಲೆಯಾಡಿಸಿದರು. ಗಿರಿಯವ್ವನೂ ಆಡಿಸಿದಳು. ನೀನಿದ್ದಿದ್ದರೆ ನೀನೂ ಆಡಿಸುತ್ತಿದ್ದೆ.

ಬಂಗಾರ ಏನೂ ಕೆಲಸ ಮಾಡಲಿಲ್ಲ ಎಂದು ನಾನು ಹೇಳುವುದಿಲ್ಲ. ಮಾಡಿತು. ಗಿರಿಯವ್ವ ಬಾಯಿಯ ತಂಬಾಕು ಬಿಟ್ಟಳು. ಬೇನೆ ಶುರುವಾಗುವ ಮುಂಚೆಯೇ ಹೋಗಿ ಕೂರತೊಡಗಿದಳು. ಏಳನೆಯ ತಿಂಗಳಲ್ಲೇ ಬಸುರಿಯರ ಹೊಟ್ಟೆ ಮುಟ್ಟಿ ಕೂಸು ಹೇಗೆ ಮಲಗಿದೆ ಎಂದು ತಿಳಿದುಕೊಳ್ಳುತ್ತಿದ್ದಳು. ಕೊರಳಿನ ದಾರ ತುಂಬಿತು. ಸಂತೆಯಲ್ಲಿ ಹೆಂಗಸರು ಅವಳನ್ನು ನಿಲ್ಲಿಸಿ ಗುಂಡುಗಳನ್ನು ಮುಟ್ಟಿ ನೋಡುತ್ತಿದ್ದರು. ಅವಳಿಗೂ ಹಿಗ್ಗು. ಹಿಗ್ಗುವುದರಲ್ಲಿ ತಪ್ಪೇನಿಲ್ಲ.

ಮೂರನೆಯ ವರ್ಷ ಒಬ್ಬ ಕುಂಬಾರನ ಮನೆಯಿಂದ ಕರೆ ಬಂತು. ಹೋದಳು. ಮೂರು ದಿನ ಕೂತಳು. ಹೊಕ್ಕಳ ಬಳ್ಳಿ ಕೂಸಿನ ಕೊರಳಿಗೆ ಎರಡು ಸುತ್ತು ಸುತ್ತಿಕೊಂಡಿತ್ತು. ತಾಯಿ ಉಳಿದಳು. ಕೂಸು ಉಸಿರಾಡಲಿಲ್ಲ. ಆ ತಾಯಿಯನ್ನು ಉಳಿಸಿದ್ದೇ ದೊಡ್ಡದು. ಬೇರೆಯವರ ಕೈಯಾಗಿದ್ದರೆ ಇಬ್ಬರೂ ಹೋಗುತ್ತಿದ್ದರು.

ಗಿರಿಯವ್ವ ಹೊರಗೆ ಬಂದು ಪದ್ಧತಿಯಂತೆ ಎರಡೂ ಕೈ ಮುಂದೆ ಚಾಚಿ ನಿಂತಳು. ಆ ಮನೆಯ ಅತ್ತೆ ತಂಬಿಗೆ ಮುಟ್ಟಲಿಲ್ಲ.

"ಗೌಡ್ರು ಗುಂಡು ಕಿತ್ಗೋತಾರಲ್ಲವ್ವಾ," ಎಂದಳು. "ನಮ್ಮದೂ ನಿಮ್ಮದೂ ಅಲ್ಲಿಗೆ ಚುಕ್ತಾ ಆತು."

ಗಿರಿಯವ್ವ ತುಸು ಹೊತ್ತು ಹಾಗೇ ಕೈ ಚಾಚಿಕೊಂಡು ನಿಂತಿದ್ದಳು. ಆಮೇಲೆ ಸೆರಗಿಗೆ ಒರೆಸಿಕೊಂಡು ಮನೆಗೆ ಹೋದಳು.

ಮರುದಿನ ಚಾವಡಿಯಲ್ಲಿ ಅಕ್ಕಸಾಲಿ ಅವಳ ದಾರ ಬಿಚ್ಚಿ ಒಂದು ಗುಂಡು ತೆಗೆದು ಮತ್ತೆ ಕಟ್ಟಿದ. ಎಲೆ ಅಡಿಕೆ ಮಡಿಸುವಷ್ಟು ಹೊತ್ತಿನ ಕೆಲಸ. ಆದರೆ ಊರೆಲ್ಲ ನಿಂತು ನೋಡಿತು. ಗೌಡ ಬೈಯಲಿಲ್ಲ, ಹಂಗಿಸಲಿಲ್ಲ. ಮಾತು ಕೊಟ್ಟಂತೆ ನಡೆದುಕೊಂಡ, ಅಷ್ಟೇ. ಗಿರಿಯವ್ವ ಮನೆಯವರೆಗೂ ಕೊರಳಿಗೆ ಕೈ ಅಡ್ಡ ಹಿಡಿದುಕೊಂಡು ನಡೆದಳು.

ಅವಳು ಯಾವ ತಪ್ಪೂ ಮಾಡಿರಲಿಲ್ಲ. ಆದರೂ ನಾಚಿಕೆಯಾಯಿತು. ಇದೊಂದು ಮಾತು ನೆನಪಿಟ್ಟುಕೋ ಚನ್ನವೀರ. ತಪ್ಪು ಮಾಡದವರಿಗೆ ನಾಚಿಕೆ ಕಲಿಸಿದರೆ ಅವರು ಮುಂದೆ ತಪ್ಪನ್ನೇ ಕಲಿಯುತ್ತಾರೆ.

ಎರಡು ತಿಂಗಳು ಕಳೆಯಿತು. ಇಟ್ಟಿಗೆ ಸುಡುವವನೊಬ್ಬ ಓಡಿಬಂದ. ಅವನ ಹೆಂಡತಿಯ ಹೊಟ್ಟೆಯನ್ನು ಗಿರಿಯವ್ವ ಮೊದಲೇ ಮುಟ್ಟಿ ನೋಡಿದ್ದಳು. ಕೂಸು ಅಡ್ಡ ಮಲಗಿತ್ತು. ಆ ದಿನ ಗಿರಿಯವ್ವನ ಮೊಣಕಾಲು ನೋಯುತ್ತಿತ್ತು. ಸುಳ್ಳಲ್ಲ, ನಿಜಕ್ಕೂ ನೋಯುತ್ತಿತ್ತು.

"ಮೊಣಕಾಲು ಹಿಡದೈತೋ ತಮ್ಮಾ," ಎಂದಳು. "ಎದ್ದು ನಿಲ್ಲಾಕ ಆಗವಲ್ದು."

ಅವನು ಕಾಲು ಹಿಡಿದ. ಹೊತ್ತುಕೊಂಡು ಹೋಗುತ್ತೇನೆ ಎಂದ. ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಸಂಜೆಗೆ ಆ ಹೆಂಗಸು ತೀರಿಕೊಂಡ ಸುದ್ದಿ ಬಂತು. ಗಿರಿಯವ್ವ ಆ ದಿನ ಉಣ್ಣಲಿಲ್ಲ. ಬಿಕ್ಕಿ ಬಿಕ್ಕಿ ಅತ್ತಳು. ಆದರೆ ಕೊರಳಿನ ಗುಂಡು ಅಷ್ಟಕ್ಕಷ್ಟೇ ಇದ್ದವು. ಹೋಗದ ಮನೆಯ ಸಾವು ಲೆಕ್ಕಕ್ಕೆ ಬರುವುದಿಲ್ಲವಲ್ಲ.

ಮುಂದಿನ ಸಲ ಕರೆ ಬರುವ ಮುಂಚೆಯೇ ಮೊಣಕಾಲು ನೋಯಿತು. ಬರಬರುತ್ತ ಆ ಮೊಣಕಾಲಿಗೆ ಅವಳಿಗಿಂತ ಹೆಚ್ಚು ಬುದ್ಧಿ ಬಂತು. ತಲೆ ಕೆಳಗಾಗಿ ನೆಟ್ಟಗೆ ಮಲಗಿದ ಕೂಸಾದರೆ ಮೂರು ಹರದಾರಿ ನಡೆಯುತ್ತಿತ್ತು. ಅಡ್ಡ ಮಲಗಿದ ಕೂಸಾದರೆ ಹೊಸ್ತಿಲು ದಾಟುತ್ತಿರಲಿಲ್ಲ.

ಚನ್ನವೀರ ಇಲ್ಲಿ ತಡೆಯಲಾರದೆ ಬಾಯಿ ಹಾಕಿದ. "ದುರಾಸೆ, ಗುರುಗಳೇ. ಆ ಹೆಂಗಸಿಗೆ ದುರಾಸೆ."

"ಬಾಯಿ ಹಾಕಬೇಡ ಎಂದಿದ್ದೆ," ಎಂದರು ಗುರುಗಳು. "ಆ ಬಂಗಾರದಲ್ಲಿ ಒಂದು ಗುಂಡನ್ನೂ ಅವಳು ಮಾರಲಿಲ್ಲ. ಒಂದು ಸೀರೆ ಹೆಚ್ಚಿಗೆ ಕೊಳ್ಳಲಿಲ್ಲ. ದುರಾಸೆಯವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅವರ ಕತೆ ಹೇಳಲು ಇಷ್ಟು ಹೊತ್ತು ಬೇಕಾಗುವುದಿಲ್ಲ. ಇವಳು ಒಳ್ಳೆಯವಳು. ಅದಕ್ಕೇ ಹೇಳುತ್ತಿದ್ದೇನೆ."

ಅವರು ಮುಂದುವರಿಸಿದರು.

ಊರಿನ ಹೊರಗೆ ಮಾಳವ್ವ ಎಂಬ ಕುರಿ ಕಾಯುವವಳಿದ್ದಳು. ಗಂಡ ಸತ್ತಿದ್ದ. ಕುರಿಯ ಹಿಂಡು, ಒಂದು ಕಂಬಳಿ, ಒಂದು ಗುಡಿಸಲು, ಅವಳ ಬದುಕು ಅಷ್ಟು. ಒಂದು ಮಧ್ಯಾಹ್ನ ಅವಳು ಕುರಿಯೊಂದರ ಹೊಟ್ಟೆಯಲ್ಲಿ ಸಿಕ್ಕಿಕೊಂಡ ಮರಿಯನ್ನು ಕೈಹಾಕಿ ತಿರುಗಿಸುತ್ತಿದ್ದಳು. ಗಿರಿಯವ್ವನ ಬಾಗಿಲಿಂದ ಬರಿಗೈಯಲ್ಲಿ ವಾಪಸು ಹೊರಟಿದ್ದ ಒಬ್ಬ ನೇಕಾರ ಅದನ್ನು ಕಂಡು ನಿಂತ.

"ನಮ್ಮನಿಗೆ ಬಾರವ್ವಾ," ಎಂದ.

"ನಾ ಕುರಿ ಹೆರಿಗಿ ಮಾಡ್ಸಾಕಿ. ಮನಷ್ಯಾರದು ನನಗೇನ್ ತಿಳೀತೈತೋ ಯಪ್ಪಾ?"

"ಬ್ಯಾರೆ ಯಾರೂ ಇಲ್ಲ."

ಮಾಳವ್ವ ಹೋದಳು. ತಾಯಿ ಬದುಕಿದಳು, ಕೂಸು ಸತ್ತಿತು. ಮುಂದಿನದರಲ್ಲಿ ಇಬ್ಬರೂ ಹೋದರು. ಅದರ ಮುಂದಿನದರಲ್ಲಿ ಇಬ್ಬರೂ ಉಳಿದರು. ಅವಳ ಗುಡಿಸಲಿಗೆ ಬರುತ್ತಿದ್ದವರೆಲ್ಲ ಗಿರಿಯವ್ವನ ಮೊಣಕಾಲು ವಾಪಸು ಕಳಿಸಿದವರೇ. ಅಂದಮೇಲೆ ಅವಳ ಕೈಯಲ್ಲಿ ಸಾವು ಹೆಚ್ಚಾಗದೆ ಇನ್ನೇನಾದೀತು? ಊರು ಅದನ್ನು ಯೋಚಿಸಲಿಲ್ಲ. ಅವಳಿಗೆ ಸಾವಿನ ಕೈ ಎಂದು ಹೆಸರಿಟ್ಟಿತು. ಅವಳು ಬೀದಿಯಲ್ಲಿ ಬಂದರೆ ತಾಯಂದಿರು ಕೂಸುಗಳನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಿದ್ದರು. ನೀರು ಹಾಕುವ ಮಾತಂತೂ ದೂರ. ಯಾವ ಮನೆಯ ಹಿರಿಯಳೂ ಅವಳ ಮುಂದೆ ತಂಬಿಗೆ ಹಿಡಿಯಲಿಲ್ಲ. ಕೆಲಸ ಮುಗಿದ ಮೇಲೆ ಅವಳೇ ಹೋಗಿ ದನ ಕುಡಿಯುವ ಬಾನಿಯಲ್ಲಿ ಕೈ ತೊಳೆದುಕೊಳ್ಳುತ್ತಿದ್ದಳು.

ಆದರೂ ಕರೆದರೆ ಬರುತ್ತಿದ್ದಳು. ಸತ್ತ ಒಂದೊಂದು ಕೂಸೂ ಅವಳಿಗೆ ನೆನಪಿತ್ತು. ಎಲ್ಲಿ ಕೈ ಸಿಕ್ಕಿಕೊಂಡಿತು, ಎಲ್ಲಿ ತಾನು ಅವಸರ ಮಾಡಿದೆ, ಎಲ್ಲಿ ತಡ ಮಾಡಿದೆ ಎಂದು ಕುರಿ ಕಾಯುತ್ತ ದಿನಗಟ್ಟಲೆ ಯೋಚಿಸುತ್ತಿದ್ದಳು. ಆ ಕೂಸುಗಳೇ ಅವಳಿಗೆ ಪಾಠ ಹೇಳಿದವು. ವರ್ಷದಿಂದ ವರ್ಷಕ್ಕೆ ಅವಳ ಕೈಯಲ್ಲಿ ಸಾಯುವವರು ಕಡಿಮೆಯಾದರು. ಅದನ್ನು ಯಾರೂ ಗಮನಿಸಲಿಲ್ಲ. ಅವಳ ಕೊರಳಲ್ಲಿ ಪೋಣಿಸುವುದಕ್ಕೆ ಏನೂ ಇರಲಿಲ್ಲವಲ್ಲ.

ಹೀಗೆ ಹದಿನೈದು ವರ್ಷ ಕಳೆಯಿತು. ಗಿರಿಯವ್ವನ ಕೊರಳಿನ ಒಂದೆಳೆ ಮೂರೆಳೆಯಾಯಿತು. ಹದಿನೈದು ವರ್ಷದಲ್ಲಿ ಅದರಿಂದ ಒಂದು ಗುಂಡೂ ಕಡಿಮೆಯಾಗಿರಲಿಲ್ಲ. ಬೇರೆ ಸೀಮೆಯ ಗೌಡರು ಬಂದು ನೋಡಿ ಹೋಗುತ್ತಿದ್ದರು. ಗೌಡ ಮೀಸೆಯ ಮೇಲೆ ಕೈಯಾಡಿಸಿ, ನಮ್ಮ ಗಿರಿಯವ್ವನ ಕೈಯಲ್ಲಿ ಸಾವೇ ಇಲ್ಲ ಎನ್ನುತ್ತಿದ್ದ. ಅದು ನಿಜವೇ ಆಗಿತ್ತು.

ಗೌಡನ ಮನೆಯಲ್ಲಿ ಮೊದಲು ಬದುಕಿದ ಆ ಹೆಣ್ಣು ಮಗು ಬೆಳೆದು ಮದುವೆಯಾಗಿ ಚೊಚ್ಚಲ ಹೆರಿಗೆಗೆ ತವರಿಗೆ ಬಂತು. ಗೌಡ ಎರಡು ಮಾತು ಹೇಳಿದ. ಗಿರಿಯವ್ವ ದಿನವೂ ಬಂದು ನೋಡಬೇಕು. ಆ ಸಾವಿನ ಕೈಯವಳು ತನ್ನ ಮನೆಯ ಮುಂದೆ ಹಾಯಬಾರದು. ಮಾಳವ್ವ ಕುರಿಗಳನ್ನು ಬೇರೆ ದಾರಿಯಲ್ಲಿ ಹೊಡೆದುಕೊಂಡು ಹೋಗತೊಡಗಿದಳು.

ಗಿರಿಯವ್ವ ಏಳರಲ್ಲಿ ನೋಡಿದಳು, ಎಂಟರಲ್ಲಿ ನೋಡಿದಳು. ಕೂಸು ನೆಟ್ಟಗಿತ್ತು. ಮೊಣಕಾಲು ನೋಯಲಿಲ್ಲ. ಆದರೆ ಕಡೆಯ ವಾರದಲ್ಲಿ ಕೂಸು ಹೊರಳಿತು. ಬೆಳಿಗ್ಗೆ ಬೇನೆ ಶುರುವಾಯಿತು. ಹೊತ್ತು ನೆತ್ತಿಗೆ ಬರುವ ವೇಳೆಗೆ ಒಂದು ಪುಟ್ಟ ಕೈ ಹೊರಗೆ ಬಂತು. ತಲೆಯ ಸುಳಿವಿಲ್ಲ.

ಹುಡುಗಿ ನೋವಿನಲ್ಲಿ ಗಿರಿಯವ್ವನ ಮೂರೆಳೆ ಸರವನ್ನೇ ಮುಷ್ಟಿಯಲ್ಲಿ ಹಿಡಿದುಕೊಂಡಳು.

"ಯವ್ವಾ, ನೀ ಅದೀಯಲ್ಲ," ಎಂದಳು. "ನನಗೇನ್ ಹೆದರಿಕಿಲ್ಲ."

ಏನು ಮಾಡಬೇಕೆಂದು ಗಿರಿಯವ್ವನಿಗೆ ಗೊತ್ತಿತ್ತು. ಆ ಪುಟ್ಟ ಕೈಯನ್ನು ಒಳಗೆ ಸರಿಸಬೇಕು. ಕಾಲು ಹುಡುಕಬೇಕು. ಕೂಸನ್ನು ತಿರುಗಿಸಬೇಕು. ಬಾಯಲ್ಲಿ ಹೇಳು ಎಂದರೆ ತಪ್ಪಿಲ್ಲದೆ ಹೇಳುತ್ತಿದ್ದಳು. ಕೈ ಹಾಕಿದಳು. ಬೆರಳಿಗೆ ಏನೋ ತಗುಲಿತು. ಕೂಸಿನ ಮೊಣಕಾಲೋ, ಮೊಣಕೈಯೋ? ತಿಳಿಯಲಿಲ್ಲ. ಹದಿನೆಂಟು ವರ್ಷದ ಹಿಂದೆ ಇದೇ ಮನೆಯಲ್ಲಿ ಕಾಲು ಮುಂದಾದ ಕೂಸನ್ನು ಕಣ್ಣು ಮುಚ್ಚಿಕೊಂಡು ಹೊರಗೆ ತಂದಿದ್ದಳು. ಈಗ ಆ ಕೈ ಅವಳದೇ ಅಲ್ಲವೆನ್ನಿಸಿತು. ಕೈ ಹೊರಗೆ ತೆಗೆದಳು.

ಸುಮ್ಮನೆ ಕೂತಿದ್ದರೆ ಯಾರೂ ಅವಳನ್ನು ಬೈಯುತ್ತಿರಲಿಲ್ಲ. ಗಿರಿಯವ್ವನಿಂದಲೇ ಆಗಲಿಲ್ಲ ಎಂದಮೇಲೆ ದೇವರ ಇಚ್ಛೆ ಎನ್ನುತ್ತಿದ್ದರು. ತಾಯಿಯೂ ಕೂಸೂ ಮಣ್ಣಿಗೆ ಹೋಗುತ್ತಿದ್ದರು. ಮೂರೆಳೆಯಿಂದ ಒಂದು ಗುಂಡು ಹೋಗುತ್ತಿತ್ತು. ಅವಳ ಗುಟ್ಟು ಅವಳ ಹೊಟ್ಟೆಯಲ್ಲೇ ಉಳಿಯುತ್ತಿತ್ತು.

ಅವಳು ಹುಡುಗಿಯ ಬೆರಳುಗಳನ್ನು ಒಂದೊಂದಾಗಿ ಸರದಿಂದ ಬಿಡಿಸಿದಳು. ಸರವನ್ನು ತಲೆಯ ಮೇಲಿಂದ ತೆಗೆದು ಗೋಡೆಯ ಗೂಡಿನಲ್ಲಿಟ್ಟಳು. ಎದ್ದು ಪಡಸಾಲೆಗೆ ಬಂದಳು.

"ಗೌಡ್ರ, ಮಾಳವ್ವನ್ನ ಕರಸ್ರಿ."

ಗೌಡನಿಗೆ ತಾನು ಕೇಳಿದ್ದರ ಮೇಲೆ ನಂಬಿಕೆ ಬರಲಿಲ್ಲ. "ಆ ಸಾವಿನ ಕೈನ? ಆಕಿ ಕೈಯಾಗ ಎಷ್ಟು ಕೂಸು ಸತ್ತಾವು ಗೊತ್ತೈತೇನ್ ನಿನಗ?"

"ಗೊತ್ತೈತ್ರಿ," ಎಂದಳು ಗಿರಿಯವ್ವ. "ಅವೆಲ್ಲಾ ನಾ ಒಲ್ಲೆ ಅಂದ ಕೂಸು."

ಗೌಡ ಅವಳ ಬರಿಗೊರಳು ನೋಡಿದ.

"ಹದಿನೈದು ವರ್ಷ ಆತ್ರಿ, ಅಡ್ಡ ಬಂದ ಕೂಸನ್ನ ನಾ ಮುಟ್ಟಿಲ್ಲ. ನನ್ನ ಮೊಣಕಾಲು ಎಂದೂ ಹೋಗಿದ್ದಿಲ್ಲ. ಹೋಗಿದ್ದು ಕೈ. ನನ್ನ ಕೈ ಮರತಾವ್ರಿ ಗೌಡ್ರ. ಆಕಿ ಕೈ ಕಲತಾವ. ಹೊತ್ತು ಮಾಡಬ್ಯಾಡ್ರಿ."

ಇಷ್ಟು ವರ್ಷ ಯಾವ ಸರವನ್ನು ನಾಲ್ಕು ಸೀಮೆಗೆ ತೋರಿಸಿದ್ದನೋ ಆ ಸರದಲ್ಲಿ ಎಷ್ಟು ಮನೆಯ ಕೂಸುಗಳು ಇರಲಿಲ್ಲ ಎಂಬುದು ಗೌಡನಿಗೆ ಆಗ ಹೊಳೆಯಿತು. ಆದರೂ ಅವನ ಕಾಲು ಏಳಲಿಲ್ಲ. ಮನೆಯ ಮುಂದೆ ಹಾಯಬಾರದು ಎಂದವಳನ್ನು ತಾನೇ ಕರೆಯುವುದು ಹೇಗೆ?

ಬಾಗಿಲಲ್ಲಿ ನಿಂತಿದ್ದ ಗೌಡತಿ ಮುಂದೆ ಬಂದಳು.

"ಗುಂಡಿನ ಮಾತು ನೀವು ಆಡ್ಕೋತ ಕುಂದರ್ರಿ," ಎಂದಳು. "ಮಗಳು ನನ್ನಾಕಿ."

ಅವಳು ಬರಿಗಾಲಲ್ಲಿ, ಆ ಉರಿಬಿಸಿಲಲ್ಲಿ, ಊರ ನಡುವೆ ಓಡಿದಳು. ಗೌಡನ ಮನೆಯ ಹೆಂಗಸು ಓಡುವುದನ್ನು ಕಂಡು ಅಂಗಡಿಯವರು ಎದ್ದು ನಿಂತರು. ಅವಳು ಯಾರ ಮುಖವನ್ನೂ ನೋಡಲಿಲ್ಲ. ಕುರಿಹಟ್ಟಿಯ ಮುಂದೆ ನಿಂತು, "ಬಾರವ್ವಾ," ಎಂದಳು. ಅಷ್ಟೇ. ಮಾಳವ್ವ ಕೋಲು ಬೇಲಿಗೆ ಒರಗಿಸಿ ಹಿಂದೆ ಹೊರಟಳು. ಇಷ್ಟು ದಿನ ನಿಮ್ಮ ಬೀದಿಗೇ ಬರಬೇಡ ಎಂದಿದ್ದಿರಲ್ಲ ಎಂದು ಕೇಳಲಿಲ್ಲ. ಕೇಳುವುದಕ್ಕೆ ಅದು ಹೊತ್ತಲ್ಲ ಎಂದು ಅವಳಿಗೆ ಗೊತ್ತಿತ್ತು.

ಒಳಗೆ ಬಂದವಳು ಗಿರಿಯವ್ವನಿಗೆ ಒಂದೇ ಮಾತು ಹೇಳಿದಳು. "ನೀ ತಲಿ ಕಡೆ ಕೂಡು. ಆಕೀನ್ನ ಗಟ್ಟಿ ಹಿಡ್ಕೋ."

ಏಳು ಹಳ್ಳಿಯ ಸೂಲಗಿತ್ತಿ ತಲೆಯ ಕಡೆ ಹೋಗಿ ಕೂತಳು.

ಹೊತ್ತು ವಾಲಿತು. ಪಡಸಾಲೆಯಲ್ಲಿ ಗೌಡ ಹದಿನೆಂಟು ವರ್ಷದ ಹಿಂದಿನ ಅದೇ ಕಂಬವನ್ನು ಹಿಡಿದುಕೊಂಡು ನಿಂತಿದ್ದ. ಒಳಗಿಂದ ಮಗಳ ಕೂಗು ಬರುತ್ತಿತ್ತು, ನಡುನಡುವೆ ಮಾಳವ್ವನ ಗದರಿಕೆ ಬರುತ್ತಿತ್ತು. ಒಮ್ಮೆ ಎಲ್ಲ ಸದ್ದೂ ನಿಂತಿತು. ಗೌಡ ಕಣ್ಣು ಮುಚ್ಚಿದ. ಆಮೇಲೆ ಕೂಸು ಅತ್ತಿತು. ಅದರ ಹಿಂದೆಯೇ ತಾಯಿಯೂ ಅತ್ತಳು. ಇಬ್ಬರೂ ಉಳಿದರು. ಮೊದಲು ಹೊರಗೆ ಬಂದಿದ್ದ ಆ ಕೂಸಿನ ಎಡಗೈ ಕೊನೆಯವರೆಗೂ ತುಸು ಸೊಟ್ಟಗೇ ಇತ್ತು. ಗಂಡೋ ಹೆಣ್ಣೋ ಎಂದು ಕೇಳುವುದನ್ನು ಗೌಡ ಅವತ್ತು ಮರೆತ.

ಮಾಳವ್ವ ಹೊರಗೆ ಬಂದಳು. ಅವಳ ಕೈ ಮೊಣಕೈಯವರೆಗೂ ಕೆಂಪಾಗಿತ್ತು. ಅಭ್ಯಾಸದಂತೆ ಅವಳು ದನದ ಕೊಟ್ಟಿಗೆಯ ಬಾನಿಯ ಕಡೆ ಹೊರಟಳು.

"ನಿಲ್ಲವ್ವಾ," ಎಂದಳು ಗೌಡತಿ.

ಗೌಡನ ತಾಯಿ ತೀರಿಕೊಂಡು ವರ್ಷಗಳಾಗಿದ್ದವು. ಈಗ ಆ ಮನೆಗೆ ಹಿರಿಯಳು ಗೌಡತಿಯೇ. ಅವಳು ತಂಬಿಗೆ ತಂದು ಮಾಳವ್ವನ ಕೈಗೆ ನೀರು ಹಾಕಿದಳು. ಮಾಳವ್ವನಿಗೆ ಕೈ ಒಡ್ಡಲು ಸರಿಯಾಗಿ ಬರಲಿಲ್ಲ. ಯಾರೂ ಹಾಕಿದ್ದಿಲ್ಲವಲ್ಲ. ಅರ್ಧ ನೀರು ನೆಲಕ್ಕೆ ಹೋಯಿತು. ತಂಬಿಗೆ ಬರಿದಾದಾಗ ಗಿರಿಯವ್ವ ಅದನ್ನು ಇಸಿದುಕೊಂಡಳು. ಮತ್ತೆ ತುಂಬಿಸಿಕೊಂಡು ಬಂದು ತಾನೂ ಹಾಕಿದಳು. ಹಾಕುತ್ತ ಹಾಕುತ್ತ ಅತ್ತಳು. ಆಗ ಮಾಳವ್ವನ ಕಣ್ಣಲ್ಲೂ ನೀರು ಬಂತು. ಅಲ್ಲಿಯವರೆಗೂ ಅವಳು ಗಟ್ಟಿಯಾಗೇ ಇದ್ದಳು.

ಗೌಡ ಗೂಡಿನಲ್ಲಿದ್ದ ಮೂರೆಳೆ ಸರವನ್ನು ತಂದ. ಎರಡೂ ಕೈಯಲ್ಲಿ ಹಿಡಿದು ಮಾಳವ್ವನ ಮುಂದೆ ಚಾಚಿದ. ಒಮ್ಮೆ ಮಾಡಿದ್ದನ್ನೇ ಮತ್ತೆ ಮಾಡಹೊರಟಿದ್ದ. ಬಂಗಾರ ಇದ್ದವರಿಗೆ ಬೇರೆ ಏನೂ ಬೇಗ ಹೊಳೆಯುವುದಿಲ್ಲ.

ಮಾಳವ್ವ ಒದ್ದೆ ಕೈ ಹಿಂದಕ್ಕೆಳೆದುಕೊಂಡಳು.

"ಬ್ಯಾಡ್ರಿ ಗೌಡ್ರ," ಎಂದಳು. "ಇದನ್ನ ಹಾಕ್ಕೊಂಡ್ರ ನನ್ನ ಕೈನೂ ಮರೀತಾವ."

ಅವಳು ಕುರಿಗಳ ಕಡೆ ಹೋದಳು. ಮರುದಿನದಿಂದ ಏಳು ಹಳ್ಳಿಯಲ್ಲಿ ಎಲ್ಲಿ ಕರೆ ಬಂದರೂ ಇಬ್ಬರೂ ಒಟ್ಟಿಗೆ ಹೋಗತೊಡಗಿದರು. ಮಾಳವ್ವ ಮುಂದೆ, ಗಿರಿಯವ್ವ ಹಿಂದೆ. ಅರವತ್ತು ದಾಟಿದವಳು ಹೊಸದಾಗಿ ಕಲಿಯಲು ಕೂತಳು. ಅವಳ ಮೊಣಕಾಲು ನೋವು ಹೇಳದೆ ಕೇಳದೆ ವಾಸಿಯಾಯಿತು. ಸುಗ್ಗಿಯಲ್ಲಿ ಇಬ್ಬರ ಮನೆಗೂ ಜೋಳ ಹೋಯಿತು. ಬದುಕಿದರೂ ನೀರು, ಸತ್ತರೂ ನೀರು ಎಂಬ ಪದ್ಧತಿ ಮತ್ತೆ ಬಂತು. ಇಟ್ಟಿಗೆ ಸುಡುವವನ ಬಾಗಿಲಿಗೆ ಗಿರಿಯವ್ವ ಒಂದು ದಿನ ತಾನೇ ಹೋದಳಂತೆ. ಅವನು ಏನೆಂದ, ಇವಳು ಏನೆಂದಳು ಎಂಬುದು ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ನಾನು ಹೇಳುವುದಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಚನ್ನವೀರ ಹೆಗಲ ಮೇಲಿನ ಶಾಲಿನ ಅಂಚನ್ನು ಬೆರಳಿಗೆ ಸುತ್ತುತ್ತಿದ್ದ.

"ಹಾಗಾದರೆ ಬಹುಮಾನವೇ ಕೂಡದು ಎಂದು ತಮ್ಮ ಅಭಿಪ್ರಾಯವೇ?"

"ಯಾಕೆ ಕೂಡದು? ಒಂದು ತಂಬಿಗೆ ನೀರು ಬಹುಮಾನವಲ್ಲವೇ? ಅದನ್ನು ಕರೆದಾಗ ಬಂದದ್ದಕ್ಕೆ ಹಾಕುತ್ತಿದ್ದರು. ಗೌಡ ಗೆದ್ದದ್ದಕ್ಕೆ ಕೊಟ್ಟ. ಗೆದ್ದದ್ದಕ್ಕೇ ಕೊಡುತ್ತ ಹೋದರೆ ಮನುಷ್ಯ ಗೆಲ್ಲುವ ಕಡೆಗಷ್ಟೇ ಕಾಲು ಹಾಕುತ್ತಾನೆ."

ಚನ್ನವೀರನ ಮುಖ ಗೆಲುವಾಯಿತು.

"ಕತೆ ಚೆನ್ನಾಗಿದೆ ಗುರುಗಳೇ. ಆದರೆ ನನಗೆ ಅದು ಹೊಂದುವುದಿಲ್ಲ. ಗಿರಿಯವ್ವ ಕರೆದರೂ ಹೋಗಲಿಲ್ಲ. ನಾನು ಒಂದು ದಿನವೂ ಪಾಠ ತಪ್ಪಿಸಿಲ್ಲ. ನನ್ನ ಜಗಲಿಯಲ್ಲಿ ಕೂತವರಲ್ಲಿ ಒಬ್ಬನನ್ನೂ ನಾನು ಕೈಬಿಟ್ಟಿಲ್ಲ."

ಗುರುಗಳು ಮಠದ ಬಾಗಿಲ ಕಡೆ ನೋಡಿದರು. ಹೊರಗೆ ಗಾಡಿ ನಿಂತಿದ್ದ ಜಾಗ ಖಾಲಿಯಾಗಿತ್ತು.

"ಪಾಟಿ ಹಿಡಿದು ಬಂದಿದ್ದ ಆ ಗಾಡಿಯವನಿಗೆ ನಿನ್ನ ಮೊಣಕಾಲು ಏನು ಹೇಳಿ ಕಳಿಸಿತು, ಚನ್ನವೀರ?"